ಮ್ಯಾನೇಜರ್ ನೆಕ್ಕಿದ ಬೆರಳು

ಜನವರಿ 10

ತಮ್ಮಾ,

ನಿನ್ನ ನಾಯಿ ಚೆನ್ನಾಗಿದ್ದಾನೆ. ನಾನೂ ಚೆನ್ನಾಗಿದ್ದೇನೆ. ನೀನು ಮೊದಲು ಯಾರನ್ನು ಕೇಳುತ್ತೀಯೆಂದು ಗೊತ್ತಿರುವುದರಿಂದ ಅದೇ ಕ್ರಮದಲ್ಲಿ ಬರೆದೆ.

ಕಾಡಿನ ಬೆಂಕಿ ಕಾಯುವ ಕೆಲಸಕ್ಕೆ ಬೆಟ್ಟ ಹತ್ತುವ ದಿನ, ಟವರಿನ ಮೇಲೆ ನಾಯಿ ಬಿಡುವುದಿಲ್ಲ, ಆರೇ ತಿಂಗಳು ಎಂದು ಗೋಗರೆದು ಇವನನ್ನು ನನ್ನ ಅಂಗಡಿಯ ಬಾಗಿಲಿಗೆ ಕಟ್ಟಿ ಹೋದೆಯಲ್ಲ, ಮೊದಲ ಎರಡು ದಿನ ತಟ್ಟೆಯನ್ನು ಮೂಸಿಯೂ ನೋಡಲಿಲ್ಲ. ಮೂರನೇ ದಿನ ಕೌಂಟರಿನ ಪಕ್ಕದ ಸ್ಟೂಲು ಹತ್ತಿ ಕುಳಿತ. ಅಂದಿನಿಂದ ಅದು ಅವನ ಕುರ್ಚಿ. ಬ್ಯಾಗು ರಿಪೇರಿಗೆ ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. ಜಿಪ್ಪು ಕಿತ್ತುಹೋದ ಸೂಟ್‌ಕೇಸು ಬಂದರೆ ಮೂಗು ತೂರಿಸಿ ಒಳಗಿನದನ್ನೆಲ್ಲ ಪರಿಶೀಲಿಸುತ್ತಾನೆ. ಎದುರಿನ ಮೆಡಿಕಲ್ ಶಾಪಿನವನು ಇದನ್ನು ನೋಡಿ, "ಅಂತೂ ನಿಮ್ಮಂಗಡಿಗೂ ಒಬ್ಬ ಮ್ಯಾನೇಜರ್ ಬಂದ" ಅಂದ. ಆ ಹೆಸರೇ ನಿಂತುಬಿಟ್ಟಿತು. ನೀನಿಟ್ಟ ಹೆಸರು ಹಿಡಿದು ಕರೆದರೆ ಈಗ ಕಿವಿಯನ್ನೂ ಆಡಿಸುವುದಿಲ್ಲ.

ಸಂಜೆ ಶಟರ್ ಅರ್ಧ ಇಳಿಸಿದ ಮೇಲೆ ಅವನ ಡ್ಯೂಟಿ ಶುರು. ದಬ್ಬಳ ಹಿಡಿದು ಚರ್ಮ, ಕ್ಯಾನ್ವಾಸು ಹೊಲಿಯುವ ಕೈ ಹೇಗಿರುತ್ತದೆಂದು ನಿನಗೆ ಗೊತ್ತಲ್ಲ, ದಿನಕ್ಕೆ ನಾಲ್ಕೈದು ಕಡೆ ಚುಚ್ಚಿಯೇ ಚುಚ್ಚುತ್ತದೆ. ನಾನು ಕೈ ಚಾಚಿ ಕುಳಿತರೆ ಒಂದೊಂದೇ ಬೆರಳನ್ನು ನೆಕ್ಕುತ್ತಾನೆ, ಒಂದನ್ನೂ ಬಿಡುವುದಿಲ್ಲ. ನಾಯಿ ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಮಾಯುತ್ತದೋ ಇಲ್ಲವೋ, ಹಿತವಂತೂ ಆಗುತ್ತದೆ. ಐವತ್ತೆಂಟು ವರ್ಷವಾಯಿತು, ನನ್ನ ಕೈ ಹಿಡಿದುಕೊಂಡು ಇಷ್ಟು ಹೊತ್ತು ಯಾರೂ ಕೂತಿರಲಿಲ್ಲ ಕಣೋ.

ರೇಷನ್ ಒಯ್ಯಲು ಹತ್ತು ದಿನಕ್ಕೊಮ್ಮೆ ಬರುವ ನಿಮ್ಮ ಜೀಪಿನ ಡ್ರೈವರ್ ಇನ್ನು ಮೇಲೆ ಪತ್ರವನ್ನೂ ಒಯ್ಯುತ್ತಾನಂತೆ. ಇವತ್ತು ಕೊಟ್ಟರೆ ನಾಳೆ ನಿನ್ನ ಕೈಯಲ್ಲಿ. ಮೊಬೈಲಿಗೆ ಸಿಗ್ನಲ್ ಇಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ. ಉತ್ತರ ಬರೆ.

ಅಕ್ಕ


ಜನವರಿ 11

ಅಕ್ಕಾ,

ಜೀಪು ಬಂದಿದೆ, ಡ್ರೈವರ್ ಊಟ ಮಾಡುತ್ತಿದ್ದಾನೆ. ಅವನ ಊಟ ಮುಗಿಯುವುದರೊಳಗೆ ಬರೆಯಬೇಕು, ಅವನೋ ಗಬಗಬ ತಿನ್ನುವವನು.

ಟವರ್ ಕಳೆದ ವರ್ಷದ್ದೇ. ಎಪ್ಪತ್ತೆರಡು ಕಬ್ಬಿಣದ ಮೆಟ್ಟಿಲು, ಮೇಲೆ ನಾಲ್ಕೂ ಕಡೆ ಗಾಜಿನ ಒಂದು ಕೋಣೆ, ನಡುವೆ ನಕ್ಷೆಯ ಮೇಜು. ಗಂಟೆಗೆ ನಾಲ್ಕು ಸಲ ದುರ್ಬೀನು ಹಿಡಿದು ಸುತ್ತು ಹಾಕುತ್ತೇನೆ. ವೈರ್‌ಲೆಸ್ಸಿನ ಮೇಲೆ ಈ ವರ್ಷ ಹೊಸ ಚೀಟಿ ಅಂಟಿಸಿದ್ದಾರೆ: ಹೊಗೆ, ಬೆಂಕಿ, ಗಾಳಿ, ಇವಿಷ್ಟನ್ನು ಬಿಟ್ಟು ಬೇರೆ ಮಾತು ಆಡಕೂಡದು. ಅದಕ್ಕೆ ಕಾರಣ ನಾನೇ. ಹೋದ ವರ್ಷ ಚಹಾಪುಡಿ ಮುಗಿದಿದೆ ಎಂದು ವೈರ್‌ಲೆಸ್ಸಿನಲ್ಲಿ ಹೇಳಿ ಮೆಮೊ ತಿಂದಿದ್ದೆ. ಕಂಟ್ರೋಲ್ ರೂಮಿನ ಆಪರೇಟರ್ ಮೇಡಂ ದಿನಕ್ಕೆ ಮೂರು ಸಲ "ಟವರ್ ಮೂರು, ಹೊಗೆ ಇದೆಯಾ" ಎಂದು ಕೇಳುತ್ತಾರೆ, ನಾನು ಇಲ್ಲ ಎನ್ನುತ್ತೇನೆ. ನಾಲ್ಕು ವರ್ಷದಲ್ಲಿ ಅವರ ಮುಖ ನೋಡಿಲ್ಲ, ಆದರೂ ದಿನದಲ್ಲಿ ನನ್ನೊಂದಿಗೆ ಮಾತಾಡುವ ಮನುಷ್ಯರೆಂದರೆ ಅವರೊಬ್ಬರೇ.

ಮ್ಯಾನೇಜರ್ ಸಾಹೇಬರ ಸುದ್ದಿ ಓದಿ ಹೊಟ್ಟೆ ತುಂಬಿತು. ನನ್ನ ಹತ್ತಿರ ಇದ್ದಾಗ ಒಂದು ಚಪ್ಪಲಿಯನ್ನೂ ಉಳಿಸದವನು ನಿನ್ನ ಹತ್ತಿರ ಕುರ್ಚಿ ಹಿಡಿದು ಕೂತಿದ್ದಾನೆ. ಮೊದಲಿನಿಂದಲೂ ಅಷ್ಟೇ, ನಿನ್ನ ಕೈಗೆ ಸಿಕ್ಕಿದ ಮೇಲೆ ಎಲ್ಲರೂ ಸರಿಹೋಗುತ್ತಾರೆ. ಹಾಸಿಗೆ ಮೇಲೆ ಮಾತ್ರ ಮಲಗಿಸಿಕೊಳ್ಳಬೇಡ.

ಕೈ ಹಿಡಿದು ಕೂತವರ ಮಾತು ಬರೆದೆಯಲ್ಲ, ಅದನ್ನು ಓದಿ ನಗು ಬರಲಿಲ್ಲ. ಇರಲಿ, ಡ್ರೈವರ್ ಕೈ ತೊಳೆಯುತ್ತಿದ್ದಾನೆ.

ತಮ್ಮ


ಜನವರಿ 30

ತಮ್ಮಾ,

ಹೋದ ಸಲದ ಜೀಪಿಗೆ ಪತ್ರ ಕೊಡಲಾಗಲಿಲ್ಲ, ಕೆಲಸ ಜಾಸ್ತಿ ಇತ್ತು. ಅಕ್ಷರ ಸೊಟ್ಟಗಿದೆ, ಬೈಯಬೇಡ. ಕನ್ನಡಕ ಒಡೆದಿದೆ. ಅಂದಾಜಿನ ಮೇಲೆ ಬರೆಯುತ್ತಿದ್ದೇನೆ. ಮ್ಯಾನೇಜರ್ ಕ್ಷೇಮ. ಅವನಿಗೆ ಬ್ರೆಡ್ಡಿನ ಅಂಚು ಇಷ್ಟ, ನಡು ಬೇಡ. ನಾನು ನಡು ತಿನ್ನುತ್ತೇನೆ, ಹೀಗಾಗಿ ಜಗಳವಿಲ್ಲ.

ಹೆಚ್ಚು ಬರೆಯಲು ಆಗುತ್ತಿಲ್ಲ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೋ.

ಅಕ್ಕ


ಜನವರಿ 31

ಅಕ್ಕಾ,

ನಿನ್ನ ಪತ್ರ ನೋಡಿ ಗಾಬರಿಯಾಯಿತು. ಅದು ಕನ್ನಡಕ ಒಡೆದವರ ಅಕ್ಷರವಲ್ಲ. ಒಂದೇ ಸಾಲು ಬೆಟ್ಟ ಹತ್ತಿ ಇಳಿದಿದೆ. ನಿನಗೆ ಪೊರೆ ಬಂದಿದೆ, ನೀನು ಮುಚ್ಚಿಡುತ್ತಿದ್ದೀಯೆ. ಕಣ್ಣಿನ ವಿಷಯದಲ್ಲಿ ಆಟ ಆಡಬಾರದು.

ಡ್ರೈವರಿಗೆ ಹೇಳಿದ್ದೇನೆ. ನಾಳೆ ಊರಿಗೆ ಬಂದವನು ಈ ಪತ್ರ ಕೊಟ್ಟು, ನೀನು ಓದಿ ಮುಗಿಸಿದ ಕೂಡಲೇ ನಿನ್ನನ್ನು ಜೀಪಿಗೆ ಹತ್ತಿಸಿ ಕಣ್ಣಾಸ್ಪತ್ರೆಗೆ ಕರೆದೊಯ್ಯುತ್ತಾನೆ. ಹಟ ಮಾಡಿದರೆ ಹೊತ್ತುಕೊಂಡಾದರೂ ಹೋಗು ಅಂದಿದ್ದೇನೆ. ಅವನು ಹೇಳಿದ್ದನ್ನು ಮಾಡುವ ಪೈಕಿ, ಜಾಗ್ರತೆ.

ತಮ್ಮ


ಫೆಬ್ರವರಿ 9

ತಮ್ಮಾ,

ಬೀದಿಯವರೆಲ್ಲ ನೋಡುತ್ತಿದ್ದಂತೆ ನಿನ್ನ ಡ್ರೈವರ್ ನನ್ನನ್ನು ಜೀಪಿಗೆ ಹತ್ತಿಸಿದ. ಮ್ಯಾನೇಜರ್ ಹಿಂದಿನ ಸೀಟಿಗೆ ತಾನೇ ಹಾರಿ ಕುಳಿತ. ಕಣ್ಣಿನ ಡಾಕ್ಟರು ಅಕ್ಷರ ಓದಿಸಿ, ದೀಪ ಬಿಟ್ಟು ನೋಡಿ, ಕಣ್ಣು ಚೆನ್ನಾಗಿದೆ, ಆ ಬೆರಳಿಗೇನಾಗಿದೆ ಎಂದು ಕೇಳಿದರು.

ಸುಳ್ಳು ಹೇಳಿದ್ದೆ ಕಣೋ. ಬಲಗೈ ತೋರುಬೆರಳು ಊದಿಕೊಂಡು ಕೀವು ತುಂಬಿತ್ತು. ಪೆನ್ನು ಹಿಡಿಯಲಾಗದೆ ಎಡಗೈಯಲ್ಲಿ ಬರೆದಿದ್ದೆ. ಬೆರಳು ಎಂದು ಬರೆದಿದ್ದರೆ ನೀನು ಟವರ್ ಬಿಟ್ಟು ಓಡಿ ಬರುತ್ತಿದ್ದೆ. ನಾಲ್ಕು ಕೆಲಸ ಬಿಟ್ಟವನು, ಇದೊಂದು ನಿಂತಿದೆ. ಇದಕ್ಕೂ ನಾನೇ ಕಲ್ಲು ಹಾಕಲಾರೆ.

ಪಕ್ಕದ ಜನರಲ್ ಆಸ್ಪತ್ರೆಯ ಡಾಕ್ಟರಮ್ಮ ಕೀವು ತೆಗೆದು ಐದು ದಿನದ ಮಾತ್ರೆ ಕೊಟ್ಟರು. ಈಗ ಪೂರ್ತಿ ವಾಸಿಯಾಗಿದೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಅವರಿಗೆ ಪ್ರಶ್ನೆ ಕೇಳುವ ಚಟ. ಸಕ್ಕರೆ ಕಾಯಿಲೆ ಇದೆಯಾ, ಇಲ್ಲ. ಆಪರೇಷನ್ ಆಗಿದೆಯಾ. ಹನ್ನೆರಡು ವರ್ಷದವಳಿದ್ದಾಗ ಕಾಂಪೌಂಡ್ ಗೋಡೆಯಿಂದ ಬಿದ್ದು ಹೊಟ್ಟೆಗೆ ಹೊಲಿಗೆ ಬಿದ್ದಿತ್ತು, ಬೇರೇನೂ ಇಲ್ಲ ಅಂದೆ. ಮನೆಯಲ್ಲಿ ಪ್ರಾಣಿ ಸಾಕಿದ್ದೀರಾ ಎಂದು ಕೇಳಿದರು. ಅದಕ್ಕೂ ಇಲ್ಲ ಅಂದೆ. ಹೌದೆಂದರೆ ಅವನನ್ನು ಎಲ್ಲಿಗಾದರೂ ಸಾಗಹಾಕಿಸುತ್ತಾರೆಂಬ ಭಯ. ಅಲ್ಲದೆ, ಸತ್ಯ ಹೇಳಬೇಕೆಂದರೆ, ಮ್ಯಾನೇಜರ್ ಒಂದು ಪ್ರಾಣಿ ಎಂದು ಆ ಕ್ಷಣಕ್ಕೆ ನನಗೆ ಅನಿಸಲೇ ಇಲ್ಲ. ಅವನು ಬಾಗಿಲ ಹೊರಗೇ ಕುಳಿತು ನನ್ನ ಸುಳ್ಳನ್ನೆಲ್ಲ ಕೇಳಿಸಿಕೊಂಡ.

ಬೆರಳಿನ ಬ್ಯಾಂಡೇಜು ಬಿಚ್ಚಿದ ದಿನವೇ ಅವನ ಸಂಜೆಯ ಡ್ಯೂಟಿ ಮತ್ತೆ ಶುರುವಾಯಿತು. ಅಷ್ಟು ದಿನದ ಬಾಕಿಯನ್ನೆಲ್ಲ ಒಂದೇ ಸಲ ತೀರಿಸಿದ.

ಅಕ್ಕ


ಫೆಬ್ರವರಿ 10

ಅಕ್ಕಾ,

ಈ ಸಲ ಜೀಪಿನಲ್ಲಿ ನಮ್ಮ ಇಲಾಖೆಯ ಪಶುವೈದ್ಯರೂ ಬಂದಿದ್ದರು. ನಾನು ಚಹಾ ಮಾಡಿಕೊಟ್ಟು, ತಮಾಷೆಗೆಂದು ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. ಕಣ್ಣಾಸ್ಪತ್ರೆಯ ಕಡೆಗೆ ಬಂದಾಗ ಅವರೂ ನಕ್ಕರು. ಕೊನೆಯ ಸಾಲಿಗೆ ನಗಲಿಲ್ಲ.

ಅವರು ಹೇಳಿದ್ದು ಇಷ್ಟು. ಎಂಥ ಚೊಕ್ಕ ನಾಯಿಯಾದರೂ ಅದರ ಬಾಯಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಅದು ನಾಯಿಗೆ ಕಾಯಿಲೆಯಲ್ಲ, ನಮ್ಮ ಬಾಯಲ್ಲಿ ನಮ್ಮದು ಇರುವ ಹಾಗೆ. ಗಾಯವಿಲ್ಲದ ಚರ್ಮ ನೆಕ್ಕಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಚುಚ್ಚಿದ ಕಡೆ ನೆಕ್ಕಿದರೆ ಅದು ಒಳಗೆ ಹೋಗುತ್ತದೆ. ನಿನ್ನ ಬೆರಳು ಕೀವಾದದ್ದೂ ಬಹುಶಃ ಅದರಿಂದಲೇ. ಹೆಚ್ಚಿನವರಿಗೆ ಅಷ್ಟಕ್ಕೇ ನಿಲ್ಲುತ್ತದಂತೆ. ಕೆಲವರಿಗೆ ಮಾತ್ರ ರಕ್ತಕ್ಕೆ ಸೇರಿ, ಎರಡು ಮೂರು ದಿನದಲ್ಲೇ ಕೈಮೀರುತ್ತದಂತೆ.

ಅದಕ್ಕೆ ಹೇಳುತ್ತೇನೆ, ಇವತ್ತಿನಿಂದ ಅವನಿಗೆ ಕೈ ಕೊಡಬೇಡ. ಮುಟ್ಟು, ಮಾತಾಡಿಸು, ಪಕ್ಕದಲ್ಲಿ ಕೂರಿಸಿಕೋ. ನೆಕ್ಕಿಸಿಕೊಳ್ಳುವುದು ಬೇಡ. ಅಕಸ್ಮಾತ್ ನೆಕ್ಕಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆ. ಆ ಡಾಕ್ಟರಮ್ಮನ ಹತ್ತಿರ ಹೋಗಿ ನಾಯಿ ಇದೆ ಎಂದು ಹೇಳು.

ಆ 'ಕೆಲವರು' ಯಾರು ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದುಹಾಕಿದೆ. ಮುಂದಿನ ಸಲ ಬರೆಯುತ್ತೇನೆ. ಅಲ್ಲಿಯವರೆಗೆ ನನ್ನ ಮಾತು ಕೇಳು ಅಕ್ಕಾ. ಹುಟ್ಟಿದಾಗಿನಿಂದ ನಾನೇ ನಿನ್ನ ಮಾತು ಕೇಳಿದ್ದೇನೆ, ಒಂದು ಸಲ ನೀನು ಕೇಳು.

ತಮ್ಮ


ಫೆಬ್ರವರಿ 19

ತಮ್ಮಾ,

ಮೂರು ದಿನ ಕೇಳಿದೆ. ನಾಲ್ಕನೇ ದಿನ ಅವನು ಸ್ಟೂಲಿನಿಂದ ಇಳಿದು, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಕೆಲಸದಿಂದ ತೆಗೆದುಹಾಕಿದವನ ಮುಖ. ನನ್ನಿಂದ ನೋಡಲಾಗಲಿಲ್ಲ, ಕೈ ಕೊಟ್ಟೆ. ನಿನ್ನ ಪಶುವೈದ್ಯರಿಗೆ ನಮಸ್ಕಾರ ಹೇಳು, ಅವರು ನಾಯಿಗೆ ಡಾಕ್ಟರು, ನನಗಲ್ಲ.

ನಿನ್ನೆ ಸಂಜೆಯಿಂದ ಚಳಿಜ್ವರ. ಮೈಕೈಯೆಲ್ಲ ನೋವು, ಹೊಟ್ಟೆ ತೊಳೆಸುತ್ತಿದೆ. ಮೆಡಿಕಲ್ ಶಾಪಿನವನು ಜ್ವರದ ಮಾತ್ರೆ ಕೊಟ್ಟಿದ್ದಾನೆ. ಅದೇ ತೋರುಬೆರಳಿನಲ್ಲಿ ದಬ್ಬಳ ಚುಚ್ಚಿದ್ದ ಜಾಗದಲ್ಲಿ ಗುಳ್ಳೆ ಎದ್ದು ಸುತ್ತ ಕಪ್ಪುನೀಲಿಯಾಗಿದೆ. ನಾಳೆಗೆ ಸರಿಹೋಗುತ್ತದೆ. ಈ ಸಲ ಏನನ್ನೂ ಮುಚ್ಚಿಟ್ಟಿಲ್ಲ ನೋಡು, ಮತ್ತೆ ನನ್ನನ್ನು ಕಣ್ಣಾಸ್ಪತ್ರೆಗೆ ಕಳಿಸಬೇಡ.

ಅಕ್ಕ


ಫೆಬ್ರವರಿ 20

ಅಕ್ಕಾ,

ಕೆಳಗೆ ಡ್ರೈವರ್ ಹಾರನ್ ಒತ್ತುತ್ತಿದ್ದಾನೆ. ಒತ್ತಲಿ.

ಹನ್ನೊಂದು ಗಂಟೆಗೆ ಪತ್ರ ಬಂತು. ಮೆಟ್ಟಿಲ ಮೇಲೆ ನಿಂತೇ ಓದಿದೆ. ಉಳಿದ ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ವೈರ್‌ಲೆಸ್ ಎತ್ತಿ ಬೆಂಕಿ ಅಂದೆ. ಆಪರೇಟರ್ ಮೇಡಂ ಯಾವ ದಿಕ್ಕು, ಎಷ್ಟು ದೂರ ಎಂದು ಕೇಳಿದರು.

"ಬೆಂಕಿ ನಮ್ಮಕ್ಕನ ಮೈಗೆ ಬಿದ್ದಿದೆ ಮೇಡಂ. ನಾನು ಹೇಳೋದನ್ನ ಒಂದಕ್ಷರ ಬಿಡದೆ ಬರ್ಕೊಳ್ಳಿ. ಅವಳಿಗೆ ಗುಲ್ಮ ಇಲ್ಲ, ಚಿಕ್ಕಂದಿನಲ್ಲೇ ತೆಗೆದಿದ್ದಾರೆ. ಅದು ಅವಳಿಗೇ ಗೊತ್ತಿಲ್ಲ. ನಾಯಿ ಗಾಯ ನೆಕ್ಕಿದೆ, ಈಗ ಜ್ವರ ಬಂದಿದೆ. ಇಷ್ಟನ್ನ ಡಾಕ್ಟರ್ ಕಿವಿಗೆ ಹಾಕಿ. ಆಮೇಲೆ ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ."

ಮೇಡಂ ಇನ್ನೊಮ್ಮೆ ಹೇಳಿ ಅಂದರು. ಇನ್ನೊಮ್ಮೆ ಹೇಳಿದೆ. ಮೆಡಿಕಲ್ ಶಾಪಿನವನ ನಂಬರ್ ಕೊಟ್ಟೆ. ಮುಕ್ಕಾಲು ಗಂಟೆಯಾದ ಮೇಲೆ ಅವರೇ ಕರೆದು, ಮೆಡಿಕಲ್ ಶಾಪಿನವನು ಅಂಗಡಿ ಹಿಂದಿನ ಮನೆಯೊಳಗೆ ಹೋದಾಗ ನೀನು ನೆಲದ ಮೇಲೆ ಬಿದ್ದಿದ್ದೆ, ಈಗ ಆಂಬುಲೆನ್ಸಿನಲ್ಲಿದ್ದೀಯೆ ಎಂದು ಹೇಳಿದರು.

ಗುಲ್ಮ ಎಂದರೆ ಎಡ ಪಕ್ಕೆಲುಬಿನ ಕೆಳಗಿರುವ ಒಂದು ಅಂಗ. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆಯುವುದು ಅದರ ಕೆಲಸ. ಅದಿಲ್ಲದವರನ್ನೇ ಪಶುವೈದ್ಯರು 'ಕೆಲವರು' ಅಂದದ್ದು. ಹೊಟ್ಟೆಗೆ ಬರೀ ಹೊಲಿಗೆ ಹಾಕಿದ್ದಲ್ಲ ಅಕ್ಕಾ. ಗೋಡೆಯಿಂದ ಬಿದ್ದಾಗ ಗುಲ್ಮ ಒಡೆದಿತ್ತು, ತೆಗೆದುಬಿಟ್ಟರು. ಹನ್ನೆರಡು ವರ್ಷದ ಹಿಂದೆ ಅಪ್ಪ ಸತ್ತ ಮೇಲೆ ಟ್ರಂಕಿನಲ್ಲಿ ಆಸ್ಪತ್ರೆಯ ಕಾಗದ ಸಿಕ್ಕಿತು. ಹಿಂದುಗಡೆ ಅಪ್ಪನ ಅಕ್ಷರದಲ್ಲಿ, ಹುಡುಗಿಗೆ ತಿಳಿಸಬಾರದು, ಮುಂದೆ ಮದುವೆಗೆ ತೊಂದರೆ ಎಂದು ಬರೆದಿತ್ತು. ಅದಿಲ್ಲದಿದ್ದರೂ ನಡೆಯುತ್ತದೆಂದು ಅಂದುಕೊಂಡಿದ್ದೆ. ಹೀಗೆಂದು ಗೊತ್ತಾದದ್ದೇ ಹತ್ತು ದಿನದ ಹಿಂದೆ. ಆಗಲೂ ನಾನು ಅರ್ಧ ಮಾತು ಬರೆದು ಕಳಿಸಿದೆ.

ಯಾಕೆಂದರೆ ಗೋಡೆಯಿಂದ ನಿನ್ನನ್ನು ತಳ್ಳಿದ್ದು ನಾನು. ರೈಲು ಚೆನ್ನಾಗಿ ಕಾಣುವ ಜಾಗಕ್ಕೆ ಜಗಳ. ನನಗೆ ಆರು ವರ್ಷ. ನೀನು ಕಾಲು ಜಾರಿತು ಅಂದೆ, ನಿನಗೆ ಗೊತ್ತಾಗಲಿಲ್ಲ ಎಂದು ಬದುಕಿಕೊಂಡೆ. ಮೂರು ಸಲ ನಿನ್ನ ಮದುವೆಯ ಮಾತು ಮುರಿದದ್ದೂ ಇದರಿಂದಲೇ. ಕಾಗದ ತೋರಿಸಿದರೆ ಇದೆಲ್ಲ ಹೇಳಬೇಕಿತ್ತು. ನೀನು ನನ್ನನ್ನು ಮನೆಗೆ ಸೇರಿಸುವುದಿಲ್ಲವೆಂದು ಹೆದರಿದೆ. ಈಗ ಮನೆಗೆ ಸೇರಿಸಬೇಡ. ಬದುಕು, ಅಷ್ಟೇ ಸಾಕು.

ತಮ್ಮ


ಮಾರ್ಚ್ 2

ಅಕ್ಕಾ,

ಜೀಪು ಬಂತು. ಅಕ್ಕಿ, ಸೀಮೆಎಣ್ಣೆ, ಚಹಾಪುಡಿ ಎಲ್ಲ ಬಂತು. ನಿನ್ನ ಪತ್ರ ಬರಲಿಲ್ಲ.

ನೀನು ಬದುಕಿದ್ದೀಯೆಂದು ಗೊತ್ತು. ಆಪರೇಟರ್ ಮೇಡಂ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಿ, ಇಲಾಖೆಯ ನಿಯಮ ಮುರಿಯದೆ ನನಗೆ ಸುದ್ದಿ ಕೊಡುತ್ತಾರೆ. ಮೊದಲ ಎರಡು ದಿನ "ಟವರ್ ಮೂರು, ಬೆಂಕಿ ಜೋರಾಗಿದೆ" ಅಂದರು. ಆ ಎರಡು ದಿನ ನಾನು ಏನು ತಿಂದೆ, ಯಾವ ಬೆಟ್ಟ ನೋಡಿದೆ, ನೆನಪಿಲ್ಲ. ಮೂರನೇ ದಿನ "ಗಾಳಿ ತಗ್ಗಿದೆ" ಅಂದರು. ಐದನೇ ದಿನ "ಹತೋಟಿಗೆ ಬಂದಿದೆ, ಒಂದು ಕಡೆ ಸ್ವಲ್ಪ ಸುಟ್ಟಿದೆ" ಅಂದರು. ಆ ಒಂದು ಕಡೆ ಯಾವುದೆಂದು ಕೇಳಲು ಅವರ ಭಾಷೆಯಲ್ಲಿ ಪದವಿರಲಿಲ್ಲ.

ನಾನು ಓಡಿ ಬರಬೇಕಿತ್ತು. ಬದಲಿ ಆಳು ಸಿಗಲಿಲ್ಲ. ಗಾಳಿಯ ಕಾಲ, ಕೆಳಗೆ ಮೂರು ಹಳ್ಳಿ ಇವೆ.

ನಾಯಿಯನ್ನು ಡ್ರೈವರ್ ಕೈಗೆ ಕೊಟ್ಟುಬಿಡು. ಅವನ ಅಣ್ಣನಿಗೆ ತೋಟವಿದೆ, ಅಲ್ಲಿ ಇರುತ್ತಾನೆ. ನನ್ನಿಂದ ನಿನಗೆ ಬಂದದ್ದೆಲ್ಲ ನಿನ್ನಿಂದ ದೂರ ಹೋಗಲಿ. ಬೈದಾದರೂ ಒಂದು ಸಾಲು ಬರೆ.

ತಮ್ಮ


ಮಾರ್ಚ್ 11

ತಮ್ಮಾ,

ಬರೆಯಲು ಕೈ ಇರಲಿಲ್ಲ ಎಂದರೆ ಅರ್ಧ ಸತ್ಯ. ಮನಸ್ಸೂ ಇರಲಿಲ್ಲ.

ಸುಟ್ಟ ಜಾಗ ತೋರುಬೆರಳು. ಮೊದಲ ಗೆಣ್ಣಿನವರೆಗೆ ಕಪ್ಪಾಗಿತ್ತು, ಹೋದ ವಾರ ತೆಗೆದರು. ದಬ್ಬಳ ಹಿಡಿಯುವುದನ್ನು ಈಗ ನಡುಬೆರಳಿಗೆ ಕಲಿಸುತ್ತಿದ್ದೇನೆ, ಅದಕ್ಕೆ ಬುದ್ಧಿ ಸ್ವಲ್ಪ ಕಡಿಮೆ. ನಾನು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಬಾಗಿಲಲ್ಲೇ ಇಂಜೆಕ್ಷನ್ ಹಿಡಿದು ನಿಂತಿದ್ದರಂತೆ. ಇನ್ನು ಅರ್ಧ ದಿನ ತಡವಾಗಿದ್ದರೆ, ಅಥವಾ ಗುಲ್ಮದ ಮಾತು ತಿಳಿಯದೆ ಹೋಗಿದ್ದರೆ, ನಾವು ಬೇರೆ ಜ್ವರವೆಂದು ಹುಡುಕುತ್ತ ಕೂರುತ್ತಿದ್ದೆವು ಎಂದು ಆಮೇಲೆ ಹೇಳಿದರು. ನಾಯಿ ಇಲ್ಲವೆಂದು ಸುಳ್ಳು ಹೇಳಿದ್ದಕ್ಕೆ ನನಗೆ ಸರಿಯಾಗಿ ಮಂಗಳಾರತಿಯಾಯಿತು. ಈಗ ಲಸಿಕೆ ಶುರುವಾಗಿದೆ. ಜ್ವರ ಬಂದರೆ ಕೂಡಲೇ ನುಂಗಿ ಆಸ್ಪತ್ರೆಗೆ ಓಡಲು ಮಾತ್ರೆ ಕೊಟ್ಟಿದ್ದಾರೆ. ಕುತ್ತಿಗೆಗೆ ಒಂದು ಬಿಲ್ಲೆ ಹಾಕಿದ್ದಾರೆ, ಇವಳಿಗೆ ಗುಲ್ಮವಿಲ್ಲ ಎಂದು. ಮ್ಯಾನೇಜರ್ ಕುತ್ತಿಗೆಯಲ್ಲೂ ಬಿಲ್ಲೆ, ನನ್ನ ಕುತ್ತಿಗೆಯಲ್ಲೂ ಬಿಲ್ಲೆ. ಇಬ್ಬರಲ್ಲಿ ಯಾರು ಕಳೆದುಹೋದರೂ ತಂದುಕೊಡುತ್ತಾರೆ.

ನಾಯಿ ಎಲ್ಲಿಗೂ ಹೋಗುವುದಿಲ್ಲ. ಡಾಕ್ಟರಮ್ಮನನ್ನೇ ಕೇಳಿದೆ. ಇಟ್ಟುಕೊಳ್ಳಿ, ಗಾಯಕ್ಕೂ ಅವನ ಬಾಯಿಗೂ ದೂರವಿರಲಿ, ಸೋಪಿಗೆ ಜಿಪುಣತನ ಬೇಡ ಅಂದರು. ಚರ್ಮದ ತುಂಡಿನಲ್ಲಿ ಐದೂ ಬೆರಳಿಗೆ ಟೋಪಿ ಹೊಲಿದುಕೊಂಡಿದ್ದೇನೆ. ಅವನು ಬಂದು ಮೂಸಿ ನೋಡಿ, ಇದೇನು ಅನ್ಯಾಯ ಎಂಬಂತೆ ಕೂತ. ನಂತರ ತಲೆಯನ್ನು ನನ್ನ ಮಂಡಿಯ ಮೇಲಿಟ್ಟ. ಈಗ ಸಂಜೆ ಅದೇ ನಮ್ಮ ವ್ಯವಸ್ಥೆ.

ಇನ್ನು ನಿನ್ನ ವಿಷಯ. ನೀನು ತಳ್ಳಿದ್ದು ನನಗೆ ಗೊತ್ತಿಲ್ಲ ಎಂದುಕೊಂಡೆಯಾ? ಬಿದ್ದವಳು ನಾನು ಕಣೋ. ಬೆನ್ನ ಮೇಲೆ ಎರಡು ಪುಟ್ಟ ಕೈ ತಾಗಿದ್ದು ನನಗಲ್ಲದೆ ಇನ್ಯಾರಿಗೆ ತಿಳಿಯಬೇಕು. ಅಪ್ಪ ಬೆಲ್ಟು ಬಿಚ್ಚುತ್ತಿದ್ದರು, ಅದಕ್ಕೇ ಕಾಲು ಜಾರಿತು ಅಂದೆ. ಅಲ್ಲಿಗೆ ಆ ಮಾತು ನನಗೆ ಮುಗಿದಿತ್ತು. ಮದುವೆ ಅಂದೆಯಲ್ಲ, ಮೊದಲನೆಯವನು ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡುತ್ತಿದ್ದ, ಎರಡನೆಯವನು ಮಾತೇ ಆಡುತ್ತಿರಲಿಲ್ಲ, ಮೂರನೆಯವನು ಅಂಗಡಿ ಮುಚ್ಚು ಅಂದ. ಮೂವರನ್ನೂ ಬೇಡವೆಂದದ್ದು ನಾನು. ನನ್ನ ಗುಲ್ಮಕ್ಕೂ ಅದಕ್ಕೂ ಸಂಬಂಧವಿಲ್ಲ.

ನೋವಾದದ್ದು ಬೇರೆ ಕಡೆ. ನನ್ನ ಹೊಟ್ಟೆಯಲ್ಲಿ ಏನಿದೆ ಏನಿಲ್ಲ ಎನ್ನುವುದು ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅಪ್ಪ ಅಮ್ಮನನ್ನು ಈಗ ಕೇಳುವ ಹಾಗಿಲ್ಲ, ನಿನ್ನನ್ನು ಕೇಳುತ್ತೇನೆ. ಈ ಹನ್ನೆರಡು ವರ್ಷ, ಟವರಿನ ಮೇಲಿದ್ದ ಕಾಲ ಬಿಟ್ಟರೆ, ನೀನು ತಿಂಗಳಿಗೊಂದು ಭಾನುವಾರ ತಪ್ಪದೆ ಬಂದೆ. ನಲ್ಲಿ ಸರಿಮಾಡಿದೆ, ಗೋಡೆಗೆ ಬಣ್ಣ ಬಳಿದೆ, ನಾನು ಬಕೆಟ್ ಎತ್ತಿದರೆ ಕಸಿದುಕೊಂಡೆ. ನನ್ನ ತಮ್ಮನಂಥವನು ಯಾರಿಗಿದ್ದಾನೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಈಗ ಆಸ್ಪತ್ರೆಯಲ್ಲಿ ಮಲಗಿ ಒಂದೊಂದೇ ಭಾನುವಾರವನ್ನು ಮಗುಚಿ ನೋಡಿದೆ. ಎಲ್ಲದರ ಹಿಂದೆಯೂ ಆ ಕಾಗದ ಕಾಣಿಸುತ್ತದೆ. ನೀನು ಬರುತ್ತಿದ್ದದ್ದು ನನ್ನನ್ನು ನೋಡಲಿಕ್ಕೋ, ಪ್ರಾಯಶ್ಚಿತ್ತಕ್ಕೋ? ಯೋಚಿಸಿ ಬರೆ. ನನಗೆ ಹಿತವಾಗಲೆಂದು ಬರೆಯಬೇಡ.

ಅಕ್ಕ


ಮಾರ್ಚ್ 12

ಅಕ್ಕಾ,

ಮೊದಲು ಒಂದು ಸುಳ್ಳನ್ನು ಕೀಳುತ್ತೇನೆ. ಬದಲಿ ಆಳು ಸಿಕ್ಕಿದ್ದ. ಫೆಬ್ರವರಿ 24ಕ್ಕೆ ಗಂಟುಮೂಟೆ ಹೊತ್ತು ಎಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದಿದ್ದ. ಚಹಾ ಕೊಟ್ಟು ವಾಪಸ್ಸು ಕಳಿಸಿದೆ. ಆ ಹೊತ್ತಿಗೆ ನನ್ನ ಪತ್ರ ನಿನ್ನ ಕೈಗೆ ಸೇರಿರುತ್ತದೆ, ನಿನ್ನ ಮುಖವನ್ನು ಹೇಗೆ ನೋಡಲಿ ಎಂದು ಕಾಲು ಬರಲಿಲ್ಲ. ನೀನು ಸಾಯುವ ಹಾಗಿದ್ದಾಗಲೂ ನಾನು ನನ್ನ ಭಯವನ್ನೇ ನೋಡಿಕೊಂಡು ಕೂತೆ.

ನಿನ್ನ ಪ್ರಶ್ನೆಗೆ ಉತ್ತರ. ಮೊದಲ ವರ್ಷ ಪ್ರಾಯಶ್ಚಿತ್ತಕ್ಕೇ ಬಂದೆ. ಪ್ರತಿ ಸಲ ಬಾಗಿಲು ತಟ್ಟುವ ಮುಂಚೆ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ, ಹೇಳದೆ ನಲ್ಲಿ ಬಿಚ್ಚುತ್ತಿದ್ದೆ. ಎರಡನೇ ವರ್ಷ ಒಂದು ಭಾನುವಾರ ನಾನು ಸಿಂಕಿನ ಕೆಳಗೆ ಮಲಗಿದ್ದೆ, ನೀನು ಟಾರ್ಚ್ ಹಿಡಿದುಕೊಂಡು, ಯಾರದೋ ಬ್ಯಾಗಿನ ಒಳಜೇಬಿನಲ್ಲಿ ಸಿಕ್ಕ ಹಲ್ಲಿನ ಸೆಟ್ಟಿನ ಕಥೆ ಹೇಳುತ್ತಿದ್ದೆ. ಬ್ಯಾಗಿನವರು ಬಂದು ಹಲ್ಲು ನಮ್ಮದಲ್ಲ ಎಂದು ವಾದಿಸಿದರಲ್ಲ, ಅದು. ನಕ್ಕು ನಕ್ಕು ಪೈಪಿಗೆ ತಲೆ ಹೊಡೆಸಿಕೊಂಡೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು, ಇವತ್ತು ಆ ಕಾಗದ ನೆನಪೇ ಆಗಲಿಲ್ಲವಲ್ಲ ಎಂದು.

ಆಮೇಲೆ ಮುಂದಿನ ತಿಂಗಳಿಗಾಗಿ ಕಾಯತೊಡಗಿದೆ. ಆದರೆ ಆ ಹೊತ್ತಿಗೆ ನಿನ್ನ ಮನೆಯಲ್ಲಿ ರಿಪೇರಿಗೆ ಏನೂ ಉಳಿದಿರಲಿಲ್ಲ. ಕೆಲಸವಿಲ್ಲದೆ ಹೇಗೆ ಬರುವುದೆಂದು ನನಗೆ ತಿಳಿಯಲಿಲ್ಲ. ಅದಕ್ಕೇ ಹೊರಡುವ ಮುಂಚೆ ಅಡುಗೆಮನೆಯ ನಲ್ಲಿಯ ವಾಷರನ್ನು ನಾನೇ ಸ್ವಲ್ಪ ಸಡಿಲ ಮಾಡಿ ಬರುತ್ತಿದ್ದೆ. ಸರಿಯಾಗಿ ತಿಂಗಳಿಗೆ ಸೋರಲು ಶುರುವಾಗುತ್ತಿತ್ತು. ಹತ್ತು ವರ್ಷ ಹೀಗೇ ಮಾಡಿದ್ದೇನೆ. ಇದು ಪ್ರಾಯಶ್ಚಿತ್ತವೋ ಪ್ರೀತಿಯೋ ನೀನೇ ಹೇಳು, ನನಗೆ ಅಷ್ಟು ಬುದ್ಧಿಯಿಲ್ಲ. ನಿನ್ನ ಮನೆಯಲ್ಲಿ ಮಧ್ಯಾಹ್ನ ನಿದ್ದೆ ಬರುವ ಹಾಗೆ ನನಗೆ ಇನ್ನೆಲ್ಲೂ ಬರುವುದಿಲ್ಲ, ಅಷ್ಟು ಗೊತ್ತು.

ವೈರ್‌ಲೆಸ್ ದುರುಪಯೋಗಕ್ಕೆ ಎರಡನೇ ಮೆಮೊ ಬಂದಿದೆ. ಅದರ ಜೊತೆಗೇ ನಮ್ಮ ರೇಂಜರ್ ಸಾಹೇಬರು ಮಾರ್ಚ್ 24ರಿಂದ ನಾಲ್ಕು ದಿನ ರಜೆಯನ್ನೂ ಬರೆದಿದ್ದಾರೆ. ಬರಲೇ ಎಂದು ಕೇಳುವ ಧೈರ್ಯವಿಲ್ಲ, ಆದರೂ ಕೇಳುತ್ತಿದ್ದೇನೆ.

ತಮ್ಮ


ಮಾರ್ಚ್ 21

ತಮ್ಮಾ,

ಹತ್ತು ವರ್ಷ ಆ ನಲ್ಲಿ ಹಾಕಿದ ಪ್ಲಂಬರನ್ನು ಬೈದಿದ್ದೇನೆ. ಪಾಪ, ಅವನು ನನ್ನನ್ನು ಕಂಡರೆ ಬೀದಿಯ ಆ ಬದಿಗೆ ಹೋಗುತ್ತಾನೆ. ಬೆಳಿಗ್ಗೆ ಅವನನ್ನು ಕರೆಸಿ, ಕ್ಷಮೆ ಕೇಳಿ, ಹೊಸ ನಲ್ಲಿ ಹಾಕಿಸಿದೆ. ಅದಕ್ಕೆ ವಾಷರೇ ಇಲ್ಲವಂತೆ.

ಬಾಗಿಲಿನ ಚಿಲಕ ಸರಿಯಿದೆ. ಬಲ್ಬುಗಳೆಲ್ಲ ಉರಿಯುತ್ತಿವೆ. ಗೋಡೆಯ ಬಣ್ಣ ಇನ್ನೆರಡು ವರ್ಷ ತಾಳುತ್ತದೆ. ಬಕೆಟ್ಟನ್ನು ಮೆಡಿಕಲ್ ಶಾಪಿನವನು ಎತ್ತಿಕೊಡುತ್ತಾನೆ. ನಾನೂ ಸರಿಯಿದ್ದೇನೆ. ಈ ಮನೆಯಲ್ಲಿ ನೀನು ಮಾಡಬೇಕಾದ ಕೆಲಸ ಒಂದೂ ಇಲ್ಲ.

ಸುಮ್ಮನೆ ಬಾ.

ಅಕ್ಕ